ಹೀಟರ್ ತಣ್ಣಗಾದರೆ ಮೊದಲು ನೀರು ನೋಡಿ

ಅರಕಲಗೂಡಿನ ಓದುಗರೊಬ್ಬರು ಕೇಳಿದ್ದಾರೆ: ಹಳೆಯ ಮಾರುತಿ 800ರಲ್ಲಿ ಹೀಟರ್ ಹಾಕಿದರೆ ತಣ್ಣನೆ ಗಾಳಿಯೇ ಬರುತ್ತದೆ, ಮಳೆಗಾಲದಲ್ಲಿ ಗಾಜಿನ ಒಳಮೈಗೆ ಕಟ್ಟುವ ಮಂಜು ಬಿಡುವುದೇ ಇಲ್ಲ, ಹೀಟರನ್ನೇ ಬದಲಿಸಬೇಕೆ? ಹಾಸನ ಜಿಲ್ಲೆಯಲ್ಲಿ ಕಾರಿಗೆ ಹೀಟರ್ ಯಾಕೆ ಎಂದು ನಗುವವರು ಜುಲೈ ತಿಂಗಳಲ್ಲಿ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದಿರಲಾರರು. ಅಲ್ಲಿ ಹೀಟರ್ ಬೇಕಾಗುವುದು ಮೈ ಬೆಚ್ಚಗಿರಲಿ ಎಂದಲ್ಲ, ಎದುರಿಗೆ ಬರುವ ಲಾರಿ ಕಾಣಲಿ ಎಂದು.

ಬದಲಿಸುವ ಮಾತು ಆಮೇಲೆ. ಇಂಥ ಕಾರುಗಳ ಹೀಟರಿನಲ್ಲಿ ಬಿಸಿ ಹುಟ್ಟುವುದೇ ಇಲ್ಲ. ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಗಾಡಿ ಓಡಿಸಲು ಒದಗುವುದು ಕಾಲುಭಾಗದ ಆಸುಪಾಸು. ಉಳಿದದ್ದರಲ್ಲಿ ಬಹುಪಾಲು ಬಿಸಿಯಾಗಿ ಸೈಲೆನ್ಸರಿನಿಂದಲೂ ರೇಡಿಯೇಟರಿನಿಂದಲೂ ಹೊರಗೆ ಹೋಗುತ್ತದೆ. ಇಂಜಿನ್ನಿನ ಆ ಬಿಸಿನೀರಲ್ಲಿ ಒಂದಷ್ಟನ್ನು ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ ತಿರುಗಿಸಿ ಫ್ಯಾನಿನ ಗಾಳಿ ಹಾಯಿಸಿದರೆ ಅದೇ ಹೀಟರ್. ಹಾಗಾಗಿ ಕೆಟ್ಟಿರುವುದು ಹೆಚ್ಚಾಗಿ ಹೀಟರಲ್ಲ, ಅದಕ್ಕೆ ಬರುವ ನೀರಿನ ದಾರಿ.

ಹೊಳೆನರಸೀಪುರದ ಕಡೆ ಪಂಪ್‌ಸೆಟ್ ಇಟ್ಟು ಹೇಮಾವತಿಯ ನೀರೆತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಫುಟ್‌ವಾಲ್ವ್ ಸೋರಿ ಪೈಪು ಬರಿದಾಗಿದ್ದರೆ ಬೆಳಿಗ್ಗೆ ಮೋಟರ್ ಎಷ್ಟು ತಿರುಗಿದರೂ ಹನಿ ನೀರು ಬರುವುದಿಲ್ಲ. ಗಾಳಿ ಹಿಡಿದಿದೆ ಎನ್ನುತ್ತಾ ಬಿಂದಿಗೆಯಲ್ಲಿ ನೀರು ತಂದು, ಮೇಲಿನ ಬಿರಡೆ ಬಿಚ್ಚಿ, ಗುಳುಗುಳು ನಿಲ್ಲುವ ತನಕ ಹುಯ್ಯಬೇಕು. ಈ ಪಂಪಿನ ಒಳಚಕ್ರ ನೀರನ್ನು ಅಂಚಿಗೆ ಬೀಸಿ ಎಸೆಯುತ್ತದೆ, ನಡುವೆ ಒತ್ತಡ ತಗ್ಗುತ್ತದೆ, ಆ ಜಾಗಕ್ಕೆ ಹಿಂದಿನ ನೀರು ನುಗ್ಗುತ್ತದೆ. ಬೀಸಿ ಎಸೆಯಬೇಕಾದರೆ ತೂಕ ಬೇಕು. ಗಾಳಿಯೋ ನೀರಿಗಿಂತ ಸುಮಾರು 800 ಪಟ್ಟು ಹಗುರ. ಅದನ್ನು ಎಷ್ಟು ಬೀಸಿದರೂ ನೀರನ್ನು ಎಳೆಯುವಷ್ಟು ಒತ್ತಡದ ವ್ಯತ್ಯಾಸ ಹುಟ್ಟುವುದಿಲ್ಲ. ಕಾರಿನ ವಾಟರ್ ಪಂಪೂ ಇದೇ ಜಾತಿಯದು. ಹೀಟರಿನ ಪುಟ್ಟ ರೇಡಿಯೇಟರ್ ಸಾಮಾನ್ಯವಾಗಿ ಎತ್ತರದಲ್ಲಿ ಕೂತಿರುತ್ತದೆ, ಗಾಳಿಯೂ ಎತ್ತರವನ್ನೇ ಹುಡುಕುತ್ತದೆ. ನೀರು ಸ್ವಲ್ಪ ಇಳಿಯಿತೆಂದರೆ ಮೊದಲು ಒಣಗುವುದು ಹೀಟರೇ. ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು ಕೇಳಿದರೆ ಇನ್ನು ಅನುಮಾನವೇ ಬೇಡ. ಟೆಂಪರೇಚರ್ ಮುಳ್ಳನ್ನು ನಂಬಿ ಕೂರಬೇಡಿ, ಅದರ ಸೆನ್ಸರ್ ನೀರಿನಲ್ಲಿ ಮುಳುಗಿಲ್ಲದಿದ್ದರೆ ಇಂಜಿನ್ ಕಾದರೂ ಮುಳ್ಳು ಏರದೇ ಇರಬಹುದು.

ಮದ್ದೂ ಪಂಪ್‌ಸೆಟ್ಟಿನದೇ. ಇಂಜಿನ್ ಪೂರ್ತಿ ತಣಿದಿರುವಾಗ ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ, ಹೀಟರ್ ಲಿವರನ್ನು ಬಿಸಿಗೆ ತಳ್ಳಿ, ಕೂಲಂಟ್ ತುಂಬಿ, ಐಡಲ್‌ನಲ್ಲಿ ಓಡಿಸಿ ಗುಳ್ಳೆ ನಿಲ್ಲುವ ತನಕ ಕಾಯಿರಿ. ಕೆಲವೇ ದಿನಗಳಲ್ಲಿ ಮತ್ತೆ ನೀರು ಇಳಿದರೆ ಹೋಸ್, ಪಂಪಿನ ಸೀಲ್, ಕೊನೆಗೆ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಬೇಕಾಗುತ್ತದೆ.

ನೀರು ತುಂಬಿದ್ದೂ ಹೀಟರ್ ಉಗುರುಬೆಚ್ಚಗಷ್ಟೇ ಇದ್ದರೆ? ನನ್ನ ಗುಮಾನಿ ಥರ್ಮೋಸ್ಟಾಟ್ ವಾಲ್ವಿನ ಮೇಲೆ. 1934ರಲ್ಲಿ ಸರ್ಜಿಯಸ್ ವೆರ್ನೆ ಎಂಬಾತ ಮೇಣ ತುಂಬಿದ ಪುಟ್ಟ ಲೋಹದ ಡಬ್ಬಿಯ ವಾಲ್ವನ್ನು ಕಂಡುಹಿಡಿದ. ಮೇಣ ಕರಗಿ ಉಬ್ಬಿದಾಗ ಕಡ್ಡಿಯೊಂದನ್ನು ತಳ್ಳುತ್ತದೆ, ರೇಡಿಯೇಟರಿನ ದಾರಿ ತೆರೆಯುತ್ತದೆ. ಸಾಮಾನ್ಯವಾಗಿ 82ರಿಂದ 88 ಡಿಗ್ರಿಯಲ್ಲಿ. ಕರೆಂಟಿಲ್ಲ, ವೈರಿಲ್ಲ. ಇಷ್ಟು ಚೆಂದದ ಸಾಧನವನ್ನು ನಮ್ಮ ಎಷ್ಟೋ ಮೆಕ್ಯಾನಿಕ್‌ಗಳು ‘ನಮ್ಮ ಬಿಸಿಲಿಗೆ ಇದು ಬೇಡ ಸಾರ್’ ಎಂದು ಕಿತ್ತೆಸೆಯುತ್ತಾರೆ. ಆಮೇಲೆ ಡಿಸೆಂಬರಿನ ಬೆಳಿಗ್ಗೆ ಇಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಆಯಿಲ್‌ನಲ್ಲಿ ತೇವ ಉಳಿಯುತ್ತದೆ, ಹೀಟರಿಗೆ ಬಿಸಿ ಸಾಲುವುದಿಲ್ಲ. ಇದು ರಿಪೇರಿಯಲ್ಲ, ಮುಂದಿನ ರಿಪೇರಿಗೆ ದಾರಿ.

ಹೀಟರಿಗೆ ಹೋಗಿಬರುವ ಎರಡು ಹೋಸ್‌ಗಳನ್ನು, ಇಂಜಿನ್ ಕಾದ ಮೇಲೆ ಆಫ್ ಮಾಡಿ, ಜಾಗ್ರತೆಯಿಂದ ಮುಟ್ಟಿ ನೋಡಿದರೆ ಅರ್ಧ ಪತ್ತೇದಾರಿ ಮುಗಿದಂತೆ. ಎರಡೂ ಬಿಸಿಯಿದ್ದರೆ ನೀರು ಸರಿಯಿದೆ, ಒಳಗಿನ ಫ್ಲ್ಯಾಪೋ ಅದರ ಕೇಬಲ್ಲೋ ಸಿಕ್ಕಿಕೊಂಡಿದೆ. ಒಂದು ಬಿಸಿ, ಒಂದು ತಣ್ಣಗಿದ್ದರೆ ಹೀಟರಿನ ವಾಲ್ವ್ ತೆರೆದಿಲ್ಲ, ಇಲ್ಲವೇ ಒಳಗಿನ ಕೊಳವೆಗಳು ಕಟ್ಟಿವೆ. ಚನ್ನರಾಯಪಟ್ಟಣದ ಕಡೆ ಬೋರ್‌ವೆಲ್ಲಿನ ಗಡಸು ನೀರನ್ನೇ ವರ್ಷಗಟ್ಟಲೆ ಹುಯ್ದ ಕಾರುಗಳಲ್ಲಿ ಈ ಎರಡನೆಯದರ ಸಾಧ್ಯತೆ ಹೆಚ್ಚು, ಕಾದ ನೀರಿನ ಸುಣ್ಣ ಸಣ್ಣ ಕೊಳವೆಯನ್ನೇ ಮೊದಲು ಮುಚ್ಚುತ್ತದೆ. ಹೋಸೇ ಕಾಣದಿದ್ದರೆ ಸೋರುವ ಹೀಟರನ್ನು ಹಿಂದಿನ ಮಾಲೀಕರು ಬೈಪಾಸ್ ಮಾಡಿಸಿರುತ್ತಾರೆ.

ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಹೀಟರ್‌ಗಳ ಜಾಹೀರಾತಿಗೆ ಮರುಳಾಗಬೇಡಿ. 12 ವೋಲ್ಟ್, 15 ಆಂಪಿಯರ್ ಎಂದರೆ 180 ವ್ಯಾಟ್. ಕಾರಿನ ಹೀಟರ್ ಕೊಡುವುದು ಕಿಲೋವ್ಯಾಟ್‌ಗಳ ಲೆಕ್ಕದಲ್ಲಿ.

ಕಡೆಯದಾಗಿ, ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದ ಹಾಸನದಲ್ಲಿ ತೆರೆದ ನೀರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಒಳಗಿನ ನೀರು ಅದಕ್ಕೂ ಮೀರಿ ಕಾದು, ಒತ್ತಡದಲ್ಲಿ ಕುದಿಯದೆ ಕೂತಿರುತ್ತದೆ. ಬಿಸಿ ಇಂಜಿನ್ನಿನ ಮುಚ್ಚಳ ತಿರುಗಿಸಿದರೆ ಅದು ಆವಿಯಾಗಿ ಮುಖಕ್ಕೇ ಎರಚುತ್ತದೆ. ಬದಲಿಸಿದ ಹಳೆಯ ಕೂಲಂಟನ್ನು ಚರಂಡಿಗೆ ಚೆಲ್ಲಬೇಡಿ, ಅದರಲ್ಲಿರುವ ಗ್ಲೈಕಾಲ್ ಸಿಹಿ ವಿಷ, ನಾಯಿಯೋ ದನವೋ ನೆಕ್ಕಿದರೆ ಸಾಯುತ್ತದೆ.