ಯಂತ್ರಕ್ಕೂ ಒಂದು ಪರೀಕ್ಷೆ, ಅದೂ ಮೇ ತಿಂಗಳಲ್ಲಿ

ಮೂತ್ರ ಪರೀಕ್ಷೆಯ ಸ್ಟ್ರಿಪ್ ಡಬ್ಬಿಗಳ ಮೇಲೆ ಸಾಮಾನ್ಯವಾಗಿ ಒಂದು ಸೂಚನೆ ಇರುತ್ತದೆ: 30 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ ಇಡಬಾರದು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಬೇಸಿಗೆಯ ಬಿಸಿಲು 40 ದಾಟುವುದು ಮಾಮೂಲು. ಕರೆಂಟ್ ಹೋದ ಮಧ್ಯಾಹ್ನ ಲ್ಯಾಬಿನೊಳಗಿನ ಧಗೆ ಎಷ್ಟೆಂದು ಅಲ್ಲಿನ ಟೆಕ್ನಿಷಿಯನ್‌ಗಳನ್ನೇ ಕೇಳಬೇಕು. ಈ ತಾಲ್ಲೂಕುಗಳಿಗೆ ಇಂಥ ಸ್ಟ್ರಿಪ್ ಓದುವ ಯಂತ್ರ ಕೊಳ್ಳುವವರು ಡಿಸೆಂಬರಿನ ಡೆಮೊ ನೋಡಿ ಸಹಿ ಹಾಕಬಾರದು ಎಂಬುದು ನನ್ನ ವಾದ.

ಸಕ್ಕರೆ ಪತ್ತೆಗೆ ಅದ್ದಿ ನೋಡುವ ಪಟ್ಟಿಯನ್ನು ಹೆಲೆನ್ ಮತ್ತು ಆಲ್ಫ್ರೆಡ್ ಫ್ರೀ ದಂಪತಿ ರೂಪಿಸಿದರು. 1956ರಲ್ಲಿ ಅದು ಅಮೆರಿಕದ ಮಾರುಕಟ್ಟೆಗೆ ಬಂತು. ಇಂದಿನ ಪಟ್ಟಿಯಲ್ಲಿ ಹತ್ತರಷ್ಟು ಪ್ಯಾಡ್‌ಗಳಿರುತ್ತವೆ. ಯಂತ್ರ ಅವುಗಳ ಮೇಲೆ ಬೆಳಕು ಬಿಟ್ಟು, ಮರಳಿ ಬಂದದ್ದನ್ನು ಅಳೆಯುತ್ತದೆ. ಒಬ್ಬರ ಕಣ್ಣಿಗೆ ‘ಟ್ರೇಸ್’, ಇನ್ನೊಬ್ಬರಿಗೆ ‘ಒಂದು ಪ್ಲಸ್’ ಎಂಬ ತಕರಾರು ಅಲ್ಲಿಗೆ ಮುಗಿಯಿತು. ಇದು ಸಣ್ಣ ಲಾಭವೇನಲ್ಲ.

ಆದರೆ ಪಟ್ಟಿಯ ಹುಳುಕು ಯಂತ್ರದೊಳಗೆ ಹೊಕ್ಕರೂ ಹುಳುಕೇ. ವಿಟಮಿನ್ ಸಿ ಹೆಚ್ಚಿದ್ದರೆ ರಕ್ತ, ಸಕ್ಕರೆ ಇದ್ದರೂ ಇಲ್ಲ ಎಂದೀತು. ಮೂತ್ರಕೋಶದಲ್ಲಿ ನಾಲ್ಕು ತಾಸಾದರೂ ನಿಲ್ಲದ ಮೂತ್ರದಲ್ಲಿ ಸೋಂಕಿದ್ದರೂ ನೈಟ್ರೈಟ್ ತೋರದಿರಬಹುದು. ಬಿಸಿಲಲ್ಲಿ ದುಡಿದು, ನೀರು ಕುಡಿಯದೆ ಬಂದವರ ಗಾಢ ಮೂತ್ರದಲ್ಲಿ ಕಾಯಿಲೆಯಿಲ್ಲದೆಯೂ ಪ್ರೋಟೀನ್ ‘ಟ್ರೇಸ್’ ಬರುವುದುಂಟು. ಇನ್ನು ಭೀಮಾ ತೀರದ ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬಸ್ಸಿನಲ್ಲಿ ಬರುವ ಸ್ಯಾಂಪಲ್ಲಿನ ಕಥೆ ಬೇರೆ. ಫ್ರಿಜ್ ಇಲ್ಲದೆ ಎರಡು ತಾಸು ಮೀರಿದರೆ ರಕ್ತಕಣಗಳು ಒಡೆಯತೊಡಗುತ್ತವೆ, ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಸಕ್ಕರೆ ಇಳಿಯುತ್ತದೆ, ಮೂತ್ರ ಕ್ಷಾರೀಯವಾಗುತ್ತದೆ. ಕ್ಷಾರ ತೀರಾ ಹೆಚ್ಚಾದರೆ ಪ್ರೋಟೀನ್ ಪ್ಯಾಡ್ ಇಲ್ಲದ ಪ್ರೋಟೀನನ್ನು ಇದೆ ಎಂದು ಸುಳ್ಳು ಹೇಳುತ್ತದೆ. ಬಸುರಿ ಹೆಂಗಸಿನ ವರದಿಯಲ್ಲಿ ಆ ಸುಳ್ಳು ಕಂಡರೆ ಮನೆಯವರೆಲ್ಲ ಗಾಬರಿಯಾಗಿ ಕಲಬುರಗಿಗೆ ಓಡಬೇಕು.

ಹಾಗಾದರೆ ಯಂತ್ರವನ್ನು ತೂಗುವುದು ಹೇಗೆ? ಒಂದೇ ಸ್ಯಾಂಪಲ್ಲನ್ನು ಇಪ್ಪತ್ತು ಸಲ ಓಡಿಸಿ, ಉತ್ತರ ಕದಲುತ್ತದೆಯೇ ನೋಡಬೇಕು. ಸಕ್ಕರೆ ತುಂಬಿದ ಸ್ಯಾಂಪಲ್ ಆದ ತಕ್ಷಣ ಸಕ್ಕರೆಯಿಲ್ಲದ್ದನ್ನು ಹಾಕಿದರೆ ಹಿಂದಿನದರ ಅಂಶ ಮುಂದಿನದಕ್ಕೆ ಅಂಟುವುದೋ ಎಂಬುದು ಗೊತ್ತಾಗುತ್ತದೆ. ಮುಖ್ಯವಾದದ್ದು ಮೈಕ್ರೋಸ್ಕೋಪಿನ ಜೊತೆಗಿನ ಹೋಲಿಕೆ: ಸೆಂಟ್ರಿಫ್ಯೂಜ್ ಮಾಡಿ ತಳದ ಗಸಿಯ ಸ್ಲೈಡ್ ನೋಡುವವರಿಗೆ ಯಂತ್ರದ ಉತ್ತರ ತಿಳಿದಿರಕೂಡದು. ಬರೀ ಆರೋಗ್ಯವಂತರ ಸ್ಯಾಂಪಲ್ ಆರಿಸಿಕೊಂಡರೆ ಎಂಥ ಯಂತ್ರವೂ ಪಾಸಾಗುತ್ತದೆ. ಸೋಂಕು, ಮಧುಮೇಹ, ಕಲ್ಲು, ಗರ್ಭಿಣಿಯರ ಸ್ಯಾಂಪಲ್‌ಗಳು ಧಾರಾಳವಾಗಿರಲಿ. ‘ನೂರಕ್ಕೆ ತೊಂಬತ್ತರಷ್ಟು ತಾಳೆಯಾಯಿತು’ ಎಂಬ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ಉಳಿದ ಹತ್ತರಲ್ಲಿ ಯಂತ್ರ ‘ಇಲ್ಲ’ ಎಂದು ಸ್ಲೈಡ್ ‘ಇದೆ’ ಎಂದದ್ದೆಷ್ಟು, ಅದನ್ನು ಹೇಳಲಿ.

ಯಂತ್ರವನ್ನು ಪುಕ್ಕಟೆ ಇಟ್ಟು ಸ್ಟ್ರಿಪ್ಪಿನಲ್ಲಿ ದುಡಿಯುವ ವ್ಯವಹಾರವೂ ಇದೆ. ಬೇರೆ ಕಂಪನಿಯ ಸ್ಟ್ರಿಪ್ ಒಗ್ಗದಿದ್ದರೆ, ಸರಬರಾಜು ತಡವಾದ ವಾರ ಯಂತ್ರ ಮೂಲೆಯಲ್ಲೇ. ಹಾಗಾಗಿ ಹಳೆಯ ಮೈಕ್ರೋಸ್ಕೋಪನ್ನು ಗುಜರಿಗೆ ಹಾಕುವ ಆತುರ ಬೇಡ. ಯಾವ ಸ್ಯಾಂಪಲ್ಲಿಗೆ ಸ್ಲೈಡ್ ಕಡ್ಡಾಯ ಎಂಬ ಯಾದಿಯನ್ನು ಖರೀದಿಗೆ ಮುಂಚೆಯೇ ಲ್ಯಾಬಿನವರೂ ವೈದ್ಯರೂ ಕೂತು ಬರೆಯಬೇಕು: ರಕ್ತ, ಪ್ರೋಟೀನ್, ನೈಟ್ರೈಟ್, ಬಿಳಿ ರಕ್ತಕಣ ಇವುಗಳಲ್ಲಿ ಯಾವುದೊಂದು ಕಂಡರೂ ಸ್ಲೈಡ್, ಉರಿಮೂತ್ರವೆಂದು ಬಂದವರಿಗೆ ಯಂತ್ರ ಏನೇ ಅನ್ನಲಿ, ಸ್ಲೈಡ್.