ಹರೆಯದ ಹಾಡು ಮರೆಯದೇಕೆ?

ಪ್ರಶ್ನೆ: ಕಾಲೇಜು ದಿನಗಳಲ್ಲಿ ಕೇಳಿದ ಜಿಮ್ ರೀವ್ಸ್, ಜಾನ್ ಡೆನ್ವರ್ ಹಾಡುಗಳು ನನಗೆ ಈಗಲೂ ಬಾಯಿಪಾಠ. ಹೋದ ವರ್ಷ ಕೇಳಿದ ಹಾಡು ನೆನಪಿಗೇ ಬಾರದು. ಏಕೆ?

ಉತ್ತರ: ವಯಸ್ಸಾದವರನ್ನು ಹಳೆಯ ನೆನಪು ಹೇಳಿ ಎಂದು ಕೇಳಿದರೆ, ಸುಮಾರು 10ರಿಂದ 30ರ ವಯಸ್ಸಿನ ಸಂಗತಿಗಳೇ ಹೆಚ್ಚಾಗಿ ಹೊರಬರುತ್ತವೆ; ಮನಶ್ಶಾಸ್ತ್ರಜ್ಞರು ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಮೊದಲ ಪ್ರೀತಿ, ಮೊದಲ ಸಂಬಳ ಎಲ್ಲವೂ ಆಗಲೇ ತಾನೇ? ಜೊತೆಗೆ ಅಂದು ಕೈಯಲ್ಲಿದ್ದದ್ದು ನಾಲ್ಕಾರು ಕ್ಯಾಸೆಟ್. ಟೇಪು ಸವೆಯುವಷ್ಟು ಸಲ ಕೇಳಿದ್ದು ಮರೆಯುವುದಾದರೂ ಹೇಗೆ! ‘ಆಗಿನ ಸಂಗೀತವೇ ಶ್ರೇಷ್ಠ’ ಎಂಬ ವಾದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ನಿಮ್ಮ ತಂದೆಯವರೂ ಅದನ್ನೇ ಹೇಳಿರಬೇಕು, ಬೇರೆ ಹಾಡುಗಳ ಬಗ್ಗೆ.

ನಿಮ್ಮ ರೀವ್ಸ್, ಡೆನ್ವರ್ ಹಾಡಿದ ಅಮೆರಿಕದ ಕಂಟ್ರಿ ಸಂಗೀತಕ್ಕಂತೂ ಹಂಬಲವೇ ಬಂಡವಾಳ: ಬಿಟ್ಟುಬಂದ ಊರು, ಅಮ್ಮ, ರೈಲು, ಕೈತಪ್ಪಿದ ಪ್ರೀತಿ. ಡೆನ್ವರ್ 1971ರಲ್ಲಿ ಹಾಡಿದ ‘ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್’ ವೆಸ್ಟ್ ವರ್ಜೀನಿಯಾಕ್ಕಾಗಿ ಹಾತೊರೆಯುತ್ತದೆ. ತಮಾಷೆಯೆಂದರೆ, ಅದನ್ನು ಬರೆಯತೊಡಗಿದ ಬಿಲ್ ಡ್ಯಾನೋಫ್, ಟ್ಯಾಫಿ ನಿವರ್ಟ್ ಜೋಡಿಗೆ ಅದು ಹೊಳೆದದ್ದು ಪಕ್ಕದ ಮೇರಿಲ್ಯಾಂಡ್ ರಾಜ್ಯದ ರಸ್ತೆಯೊಂದರಲ್ಲಿ. ವೆಸ್ಟ್ ವರ್ಜೀನಿಯಾದವರು ಅದಕ್ಕೇನೂ ಬೇಸರಿಸಲಿಲ್ಲ. 2014ರಲ್ಲಿ ಅದನ್ನು ತಮ್ಮ ಅಧಿಕೃತ ರಾಜ್ಯಗೀತೆಗಳಲ್ಲಿ ಒಂದಾಗಿಸಿಕೊಂಡರು. ಆ ಬೆಟ್ಟಗಳನ್ನು ಕಂಡೇ ಇರದ ನಮ್ಮ ಕಾಲೇಜು ಹುಡುಗರೂ ಗಿಟಾರ್ ಹಿಡಿದಾಗ ಹಾಡಿದ್ದು ಅದನ್ನೇ.