ರೇ ಟ್ರೇಸಿಂಗ್: ಹಾಕದೇ ಬಿಟ್ಟ ಲೆಕ್ಕದಿಂದ ಬರುವ ವೇಗ

ಗಾಜಿನ ಗೋಳದ ಮೂಲಕ ಹಿಂದಿನ ವಸ್ತು ಬಾಗಿ ಕಾಣುವುದು, ಹೊಳೆಯುವ ಮೈಯಲ್ಲಿ ನೆಲದ ಚೌಕುಳಿ ಪ್ರತಿಫಲಿಸುವುದು, ಇವನ್ನೆಲ್ಲ ಕಂಪ್ಯೂಟರ್ ಚಿತ್ರದಲ್ಲಿ ಮೂಡಿಸುವ ಬಗೆಯನ್ನು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಟರ್ನರ್ ವಿಟೆಡ್ 1980ರಲ್ಲಿ ತೋರಿಸಿಕೊಟ್ಟರು. ಕ್ಯಾಮೆರಾದಿಂದ ಪ್ರತಿ ಪಿಕ್ಸೆಲ್‌ನ ಮೂಲಕ ಒಂದು ಕಿರಣ ಹೊರಡಿಸಬೇಕು. ಅದು ಮೊದಲು ಯಾವುದಕ್ಕೆ ತಾಗುತ್ತದೆ ಎಂದು ನೋಡಿ, ಅಲ್ಲಿಂದ ನೆರಳು, ಪ್ರತಿಫಲನ, ವಕ್ರೀಭವನಗಳಿಗಾಗಿ ಮತ್ತಷ್ಟು ಕಿರಣಗಳನ್ನು ಕಳಿಸಬೇಕು. ಇದೇ ರೇ ಟ್ರೇಸಿಂಗ್. ಸಮಯವೆಲ್ಲ ಎಲ್ಲಿ ಹೋಗುತ್ತದೆ ಎಂಬುದನ್ನೂ ವಿಟೆಡ್ ಅದೇ ಪ್ರಬಂಧದಲ್ಲಿ ಬರೆದಿಟ್ಟರು. ಸರಳ ದೃಶ್ಯವಾದರೆ ಶೇ 75, ಜಟಿಲವಾದರೆ ಶೇ 95ಕ್ಕೂ ಹೆಚ್ಚು ಸಮಯ ‘ಕಿರಣ ಯಾವುದಕ್ಕೆ ತಾಗಿತು’ ಎಂಬ ಒಂದೇ ಲೆಕ್ಕಕ್ಕೆ ಖರ್ಚಾಗುತ್ತಿತ್ತು.

ಏಕೆ ಅಷ್ಟೊಂದು? ಗ್ರಾಫಿಕ್ಸ್ ಕಲಿಯುವವರೆಲ್ಲ ಬಳಸುವ ಸ್ಟ್ಯಾನ್‌ಫರ್ಡ್ ಮೊಲದ ಮಾದರಿಯನ್ನೇ ತೆಗೆದುಕೊಳ್ಳಿ. ಅದರ ಮೈ 69,451 ತ್ರಿಭುಜಗಳಿಂದ ಆಗಿದೆ. 1920×1080 ಪಿಕ್ಸೆಲ್‌ಗಳ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳು. ಪ್ರತಿ ಕಿರಣವನ್ನೂ ಪ್ರತಿ ತ್ರಿಭುಜದೊಂದಿಗೆ ತಾಳೆ ನೋಡಿದರೆ ಸುಮಾರು 14,400 ಕೋಟಿ ಪರೀಕ್ಷೆಗಳು. ಅದೂ ಪಿಕ್ಸೆಲ್‌ಗೆ ಒಂದೇ ಕಿರಣದಂತೆ. ನೆರಳು, ಪ್ರತಿಫಲನಗಳು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ತ್ರಿಭುಜದ ಪರೀಕ್ಷೆಯನ್ನೇ ಎರಡರಷ್ಟು ಚುರುಕು ಮಾಡಿದರೂ 7,200 ಕೋಟಿ ಪರೀಕ್ಷೆಗಳಷ್ಟು ಕೆಲಸ ಉಳಿದೇ ಇರುತ್ತದೆ. ಆ ದಾರಿಯಲ್ಲಿ ಹೆಚ್ಚು ದೂರ ಹೋಗಲಾಗದು.

ಹೋಗಬೇಕಾದ ದಾರಿ ಬಿವಿಎಚ್, ಅಂದರೆ ಬೌಂಡಿಂಗ್ ವಾಲ್ಯೂಮ್ ಹೈರಾರ್ಕಿ. ಇಡೀ ಮೊಲವನ್ನು ಒಂದು ಅದೃಶ್ಯ ಪೆಟ್ಟಿಗೆಯಲ್ಲಿ ಹಿಡಿಸಿ. ಒಳಗಿನ ತ್ರಿಭುಜಗಳನ್ನು ಎರಡು ಗುಂಪು ಮಾಡಿ, ಪ್ರತಿ ಗುಂಪಿಗೂ ಅದರ ಅಳತೆಯ ಬಿಗಿ ಪೆಟ್ಟಿಗೆ ಕೊಡಿ. ಒಂದು ಪೆಟ್ಟಿಗೆಯಲ್ಲಿ ನಾಲ್ಕಾರು ತ್ರಿಭುಜ ಉಳಿಯುವವರೆಗೆ ಹೀಗೆ ಒಡೆಯುತ್ತಾ ಹೋಗಿ. ಕಿರಣ ಹೊರಗಿನ ಪೆಟ್ಟಿಗೆಗೇ ತಾಗದಿದ್ದರೆ ಒಳಗೆ ಇಣುಕುವ ಪ್ರಮೇಯವೇ ಇಲ್ಲ. ಮಂಗಳೂರಿಗೆ ಹೊರಟ ಅಂಚೆ ಚೀಲವನ್ನು ಹಾಸನದಲ್ಲಿ ಬಿಚ್ಚಿ ಒಂದೊಂದು ಕಾಗದದ ವಿಳಾಸ ಓದುವುದಿಲ್ಲವಲ್ಲ, ಹಾಗೆ. ಪೆಟ್ಟಿಗೆಗಳು ಹೀಗೆ ಕವಲೊಡೆಯುವ ರಚನೆಯೇ ‘ಮರ’. ಸಮವಾಗಿ ಒಡೆದರೆ 69,451 ತ್ರಿಭುಜಗಳ ಮರದ ಆಳ ಹದಿನಾಲ್ಕು ಮಜಲಿನಷ್ಟು. ಸಾಮಾನ್ಯವಾಗಿ ಒಂದು ಕಿರಣ ಹತ್ತಾರು ಪೆಟ್ಟಿಗೆಗಳನ್ನು ಮತ್ತು ಬೆರಳೆಣಿಕೆಯ ತ್ರಿಭುಜಗಳನ್ನು ಮುಟ್ಟುವಷ್ಟರಲ್ಲಿ ಉತ್ತರ ಸಿಕ್ಕಿರುತ್ತದೆ.

ಪೆಟ್ಟಿಗೆಯ ಪರೀಕ್ಷೆ ಬಹಳ ಅಗ್ಗ. ಪೆಟ್ಟಿಗೆಗಳನ್ನು ವಾರೆಯಾಗಿ ಇಡುವುದಿಲ್ಲ, ಮೂರು ಅಕ್ಷಗಳಿಗೆ ನೇರವಾಗಿಯೇ ಇಡುತ್ತಾರೆ. ಹಾಗಾಗಿ ಪೆಟ್ಟಿಗೆ ಎಂದರೆ ಮೂರು ಜೊತೆ ಸಮಾಂತರ ಸಮತಲಗಳ ನಡುವಿನ ಜಾಗ. ಪ್ರತಿ ಜೊತೆಯೊಳಗೆ ಕಿರಣ ಎಷ್ಟು ದೂರದಲ್ಲಿ ಹೊಕ್ಕಿತು, ಎಷ್ಟು ದೂರದಲ್ಲಿ ಹೊರಬಿತ್ತು ಎಂದು ನೋಡಿ. ಹೊಕ್ಕ ದೂರಗಳಲ್ಲಿ ದೊಡ್ಡದು ಹೊರಬಿದ್ದ ದೂರಗಳಲ್ಲಿ ಚಿಕ್ಕದಕ್ಕಿಂತ ಹೆಚ್ಚಿದ್ದರೆ ಕಿರಣ ಪೆಟ್ಟಿಗೆಗೆ ತಾಗಿಲ್ಲ. 1986ರಲ್ಲಿ ಕೇ ಮತ್ತು ಕಜಿಯ ಎಂಬಿಬ್ಬರು ಕೊಟ್ಟ ಉಪಾಯ ಇದು. ಕಿರಣದ ದಿಕ್ಕಿನ ವಿಲೋಮವನ್ನು ಒಮ್ಮೆ ಲೆಕ್ಕ ಹಾಕಿಟ್ಟುಕೊಂಡರೆ ಆಮೇಲೆ ಭಾಗಾಕಾರವೂ ಬೇಡ, ಗುಣಾಕಾರ ಸಾಕು. ಎರಡು ಮರಿ ಪೆಟ್ಟಿಗೆಗಳಲ್ಲಿ ಹತ್ತಿರದ್ದನ್ನು ಮೊದಲು ತೆರೆಯುವುದನ್ನು ಮರೆಯಬೇಡಿ. ಅಲ್ಲಿ ತ್ರಿಭುಜ ಸಿಕ್ಕಿ, ಇನ್ನೊಂದು ಪೆಟ್ಟಿಗೆ ಅದಕ್ಕಿಂತ ದೂರದಲ್ಲಿ ಶುರುವಾಗುತ್ತಿದ್ದರೆ ಅದನ್ನು ಬಿಟ್ಟೇಬಿಡಬಹುದು. ನೆರಳಿನ ಕಿರಣಕ್ಕಂತೂ ಯಾವುದಾದರೂ ಒಂದು ಅಡ್ಡಿ ಸಿಕ್ಕರೆ ಅಲ್ಲಿಗೇ ಮುಗಿಯಿತು.

ಹೆಚ್ಚಿನವರು ಇಷ್ಟು ಬರೆದು ನಿಲ್ಲಿಸುತ್ತಾರೆ. ನಿಜವಾದ ಗೆಲುವು ಸೋಲು ಇರುವುದು ಗುಂಪನ್ನು ಎಲ್ಲಿ ಒಡೆಯಬೇಕು ಎಂಬಲ್ಲಿ. ಮೊಲವನ್ನು ದೊಡ್ಡ ಹಜಾರದ ಮೂಲೆಯಲ್ಲಿ ಕೂರಿಸಿದೆವು ಎನ್ನೋಣ. ಗೋಡೆ, ನೆಲ ಸೇರಿ ಹತ್ತೋ ಹನ್ನೆರಡೋ ತ್ರಿಭುಜ. ತ್ರಿಭುಜಗಳನ್ನು ಎಣಿಸಿ ಸರಿಯಾಗಿ ಅರ್ಧಕ್ಕೆ ಒಡೆದರೆ ಮೊಲದ ಅರ್ಧ ಮೈ ಗೋಡೆಗಳ ಜೊತೆ ಸೇರಿ ಆ ಪೆಟ್ಟಿಗೆ ಹಜಾರದಷ್ಟೇ ದೊಡ್ಡದಾಗುತ್ತದೆ. ಹಜಾರದಲ್ಲಿ ಓಡಾಡುವ ಪ್ರತಿ ಕಿರಣವೂ ಅದನ್ನು ತೆರೆಯಲೇಬೇಕು. ಇದಕ್ಕೆ ಮದ್ದು ಮೇಲ್ಮೈ ವಿಸ್ತೀರ್ಣದ ಸೂತ್ರ. ಗ್ರಾಫಿಕ್ಸ್‌ನವರ ಬಾಯಲ್ಲಿ ‘ಎಸ್‌ಎಎಚ್’. ದೊಡ್ಡ ಪೆಟ್ಟಿಗೆಗೆ ತಾಗಿದ ಕಿರಣ ಒಳಗಿನ ಮರಿ ಪೆಟ್ಟಿಗೆಗೂ ತಾಗುವ ಸಂಭವ ಅವೆರಡರ ಮೇಲ್ಮೈ ವಿಸ್ತೀರ್ಣಗಳ ಅನುಪಾತದಷ್ಟು. ಆ ಸಂಭವವನ್ನು ಒಳಗಿನ ತ್ರಿಭುಜಗಳ ಸಂಖ್ಯೆಯಿಂದ ಗುಣಿಸಿ, ಎರಡೂ ಮರಿಗಳದ್ದನ್ನು ಕೂಡಿದರೆ ಒಡೆತದ ವೆಚ್ಚ ಬರುತ್ತದೆ. ಅತಿ ಕಡಿಮೆ ವೆಚ್ಚದ ಜಾಗದಲ್ಲಿ ಒಡೆಯಬೇಕು. ಆಗ ಮೊಲ ಒಂದು ಕಡೆ, ಗೋಡೆಗಳು ಇನ್ನೊಂದು ಕಡೆ ತಾವಾಗಿ ಬೇರೆಯಾಗುತ್ತವೆ. 1987ರಲ್ಲಿ ಗೋಲ್ಡ್‌ಸ್ಮಿತ್ ಮತ್ತು ಸಾಲ್ಮನ್ ಈ ಯೋಚನೆಯನ್ನು ಮುಂದಿಟ್ಟರು. ಬದಲಿಗೆ ಬಂದವುಗಳಲ್ಲಿ ಇದನ್ನು ಪೂರ್ತಿ ಬದಿಗೆ ಸರಿಸಿದ್ದು ಯಾವುದೂ ಇಲ್ಲ. ಪ್ರತಿ ತ್ರಿಭುಜದ ಬಳಿಯೂ ಒಡೆದು ನೋಡುವ ಅಗತ್ಯವಿಲ್ಲ, ಅಕ್ಷಕ್ಕೆ ಹದಿನಾರು ಭಾಗ ಮಾಡಿ ಆ ಗಡಿಗಳಲ್ಲಷ್ಟೇ ನೋಡಿದರೆ ಸಾಕು.

ಬಿವಿಎಚ್ ಅಲ್ಲದೆ ಬೇರೆ ದಾರಿಗಳೂ ಇವೆ. ಜಾಗವನ್ನು ಸಮಾನ ಚೌಕಗಳಾಗಿ ಕತ್ತರಿಸುವ ಗ್ರಿಡ್ ಕಟ್ಟುವುದು ಸುಲಭ, ಆದರೆ ನಮ್ಮ ಹಜಾರದಲ್ಲಿ ಅದು ಸೋಲುತ್ತದೆ: ಮೊಲವೆಲ್ಲ ಒಂದೆರಡು ಚೌಕದೊಳಗೆ, ಉಳಿದದ್ದು ಖಾಲಿ. ಕೆಡಿ-ಟ್ರೀ ಒಂದು ಕಾಲದಲ್ಲಿ ಎಲ್ಲಕ್ಕಿಂತ ವೇಗದ್ದು ಎನಿಸಿತ್ತು. ಅದು ಜಾಗವನ್ನೇ ಒಡೆಯುವುದರಿಂದ ಗಡಿಯ ಮೇಲಿನ ತ್ರಿಭುಜ ಎರಡೂ ಕಡೆ ದಾಖಲಾಗುತ್ತದೆ, ವಸ್ತು ಅಲುಗಿದರೆ ಮರ ಕೆಡುತ್ತದೆ. ಬಿವಿಎಚ್‌ನಲ್ಲಿ ಮೊಲ ಕಿವಿ ಅಲ್ಲಾಡಿಸಿದರೆ ಕೆಳಗಿನಿಂದ ಮೇಲಕ್ಕೆ ಪೆಟ್ಟಿಗೆಗಳ ಅಳತೆ ತಿದ್ದಿದರಾಯಿತು. ಮೊಲ ಇಡಿಯಾಗಿ ಜಾಗ ಬದಲಿಸಿದರೆ ಅಷ್ಟೂ ಬೇಡ: ಪ್ರತಿ ಮಾದರಿಗೆ ಅದರದೇ ಮರ, ಅವುಗಳ ಮೇಲೆ ಇನ್ನೊಂದು ಚಿಕ್ಕ ಮರ ಇಟ್ಟರೆ ಮೇಲಿನದನ್ನಷ್ಟೇ ಮತ್ತೆ ಕಟ್ಟಿದರೆ ಸಾಕು. ಒಂದೇ ಮೊಲದ ಸಾವಿರ ಪ್ರತಿಗಳಿದ್ದರೂ ಅದರ ಮರ ಒಂದೇ.

2018ರಲ್ಲಿ ಎನ್‌ವಿಡಿಯಾ ತನ್ನ ಆರ್‌ಟಿಎಕ್ಸ್ ಕಾರ್ಡ್‌ಗಳಲ್ಲಿ ಸಿಲಿಕಾನ್‌ಗೆ ಇಳಿಸಿದ್ದು ಇದೇ ಕೆಲಸವನ್ನು: ಮರ ಇಳಿಯುತ್ತಾ ಪೆಟ್ಟಿಗೆ ಪರೀಕ್ಷೆ, ತುದಿಯಲ್ಲಿ ತ್ರಿಭುಜ ಪರೀಕ್ಷೆ.

ಕೆಲಸಕ್ಕೆ ಬೇಕಿದ್ದರೆ ಇಂಟೆಲ್‌ನ ಎಂಬ್ರೀ ಲೈಬ್ರರಿ ಉಚಿತವಾಗಿ ಸಿಗುತ್ತದೆ, ಅದನ್ನೇ ಬಳಸಿ. ಕಲಿಯುವುದಕ್ಕಾದರೆ ಸ್ವಂತ ಬಿವಿಎಚ್ ಬರೆಯಿರಿ, ಕೆಲವು ನೂರು ಸಾಲುಗಳ ಕೆಲಸ. ಬರೆದಾದ ಮೇಲೆ ಬಣ್ಣದ ಬದಲು ಪ್ರತಿ ಪಿಕ್ಸೆಲ್‌ನಲ್ಲಿ ಎಷ್ಟು ಪೆಟ್ಟಿಗೆ ಪರೀಕ್ಷೆ ನಡೆಯಿತೆಂಬ ಸಂಖ್ಯೆಯನ್ನೇ ಚಿತ್ರವಾಗಿ ಮೂಡಿಸಿ. ಖಾಲಿ ಗೋಡೆಯ ಮೇಲೂ ಸಂಖ್ಯೆ ಏರಿದ್ದರೆ ಮರ ತಪ್ಪಾಗಿ ಒಡೆದಿದೆ ಎಂದರ್ಥ. ಮೊದಲು ಅದನ್ನು ಸರಿಪಡಿಸಿ.